ಬಾಗಿಲ ಮೇಲಿನ ಬಿ.ಎ.

ಮನೆಯಿಂದ ಹೊರಗೆ ಕಾಲಿಟ್ಟವರನ್ನು 'ಎಲ್ಲಿಗೆ?' ಎಂದು ಕೇಳಬಾರದು. ಕೇಳಿದರೆ ಹೊರಟ ಕೆಲಸ ಕೆಟ್ಟಿತೆಂದೇ ಲೆಕ್ಕ. ತಿಳಿದುಕೊಳ್ಳದಿದ್ದರೆ ತಿಂದ ಅನ್ನ ಕರಗುವುದಿಲ್ಲ ಎನ್ನುವಂಥವರು 'ದೂರ ಹೊಂಟೀರೇನು?' ಎಂದು ಸುತ್ತುಬಳಸಿ ಕೇಳಬೇಕು. ಧಾರವಾಡದಲ್ಲಿ ಹಾಲುಗಲ್ಲದ ಹುಡುಗರಿಗೂ ಗೊತ್ತಿರುವ ಈ ಮಾತು, ಪುಣೆಯ ಧನಕವಡಿಯಲ್ಲಿ ಒಂದು ಹಳೆಯ ಮೂರಂತಸ್ತಿನ ಕಟ್ಟಡದ ಅಧ್ಯಕ್ಷನಾಗಿದ್ದ ಬಾಳಕೃಷ್ಣನಿಗೆ, ಎಲ್ಲರ ಬಾಳಣ್ಣನಿಗೆ, ಅರವತ್ತು ದಾಟಿದರೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಮೇ ತಿಂಗಳ ಆ ಬೆಳಿಗ್ಗೆ ಎರಡನೆಯ ಮಹಡಿಯ ಪ್ರಲ್ಹಾದ ನರಗುಂದ ಅಂಗೈಯಲ್ಲಿದ್ದ ಮೊಸರು ಸಕ್ಕರೆ ನೆಕ್ಕಿ, ಬಟ್ಟೆಯ ಚೀಲ ಹೆಗಲಿಗೇರಿಸಿ, ಹೆಂಡತಿ ವರದಾಳ ಮುಖ ಒಮ್ಮೆ ನೋಡಿ, ಬಲಗಾಲನ್ನು ಹೊಸ್ತಿಲಾಚೆ ಇಟ್ಟ. ಅದೇ ಹೊತ್ತಿಗೆ ಹಾಲಿನ ಪಾಕೀಟು ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದ ಬಾಳಣ್ಣ ಬಾಯಿ ತುಂಬ ನಕ್ಕ.

"ಕಾಯ್ ಸರ! ಇಷ್ಟು ಲಗೂ ಎಲ್ಲಿಗೆ ಹೊಂಟ್ರಿ?"

ಒಳಗಿನಿಂದ ವರದಾ ಕೈ ಚಾಚಿ ಗಂಡನ ಅಂಗಿಯ ತೋಳು ಹಿಡಿದಳು. "ಅಯ್ಯ, ಕೇಳೇಬಿಟ್ರಲ್ಲ! ರೀ, ಒಳಗ ಬರ್ರಿ. ಚಪ್ಪಲಿ ಬಿಡ್ರಿ. ಕೂಡ್ರಿ. ನೀರು ಕುಡದು ಮತ್ತ ಹೋಗೀರಂತ."

"ನಾ ಏನು ಕೇಳಬಾರದ್ದು ಕೇಳಿದೆ ವೈನಿ?" ಬಾಳಣ್ಣ ಗಾಬರಿಯಾದ. ಅವನು ಅಕ್ಕಲಕೋಟೆಯ ಕಡೆಯವನು, ಸಿಟಿ ಬಸ್ಸಿನ ನಿವೃತ್ತ ಕಂಡಕ್ಟರ್. ನೌಕರಿ ಇರುವತನಕ ದಿನಕ್ಕೆ ಸಾವಿರ ಮಂದಿಗೆ 'ಎಲ್ಲಿಗೆ?' ಎಂದು ಕೇಳಿಯೇ ಹೊಟ್ಟೆ ಹೊರೆದವನು.

"ಎಲ್ಲಿಗೆ ಅಂತ ಕೇಳಬಾರದ್ರಿ ಅಣ್ಣಾರ. ಹೋದ ಕೆಲಸ ಆಗೂದಿಲ್ಲ."

"ಹಂಗೇನ್ರಿ? ಹಂಗಾದ್ರ ಎಲ್ಲಿಗೆ ಹೊಂಟಾರಂತ ಗೊತ್ತಾಗೂದು ಹೆಂಗ?"

ಗೊತ್ತಾಗಬಾರದು ಎಂಬುದೇ ಗಂಡಹೆಂಡಿರ ಹಂಚಿಕೆಯಾಗಿತ್ತು. ನಲವತ್ತೆಂಟು ವರ್ಷದ ಪ್ರಲ್ಹಾದ ಆ ದಿನ ಪರೀಕ್ಷೆ ಬರೆಯಲು ಹೊರಟಿದ್ದ.

ಪುರಾಣದ ಪ್ರಲ್ಹಾದ ಆನೆಯ ಕಾಲಡಿ ಬಿದ್ದ, ಬೆಂಕಿಯಲ್ಲಿ ಕೂತ, ಬೆಟ್ಟದ ಮೇಲಿನಿಂದ ಉರುಳಿದ, ಎಲ್ಲದರಲ್ಲೂ ಪಾಸಾದ. ಅವನಿಗೆ ಇಂಗ್ಲಿಷ್ ಪೇಪರ್ ಇರಲಿಲ್ಲ. ನಮ್ಮ ಪ್ರಲ್ಹಾದ ಧಾರವಾಡದಲ್ಲಿ ಬಿ.ಎ. ಕೊನೆಯ ವರ್ಷದ ಇಂಗ್ಲಿಷಿಗೆ ಕೂತು ಕೂತು ನಾಲ್ಕು ಸಲ ನಪಾಸಾದ. ನಾಲ್ಕನೆಯ ಸಲ ನಿಕಾಲು, ಅಂದರೆ ಫಲಿತಾಂಶ, ನೋಡಲಿಕ್ಕೂ ಹೋಗಲಿಲ್ಲ, ಸೀದಾ ಪುಣೆಯ ಬಸ್ಸು ಹತ್ತಿದ. ಚಿಂಚವಾಡದ ಒಂದು ಕಾರ್ಖಾನೆಯಲ್ಲಿ ಸ್ಟೋರಿನ ಕೆಲಸ ಸಿಕ್ಕಿತು. ಕೆಲಸ ಸಿಕ್ಕ ಮೇಲೆ ಸೋದರಮಾವ ಹೆಣ್ಣು ಹುಡುಕಿದ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಸೋದರಮಾವ ಪಾಪ, ಅಷ್ಟೊಂದು ಹೇಳಲಿಲ್ಲ. ಮೂರೇ ಹೇಳಿದ: ಹುಡುಗನ ಎತ್ತರ, ಹುಡುಗನ ಪಗಾರ, ಹುಡುಗ ಬಿ.ಎ. ಎತ್ತರದ ಸುಳ್ಳು ಮಾಲೆ ಹಾಕುವಾಗ ವರದಾಳಿಗೆ ಗೊತ್ತಾಯಿತು. ಪಗಾರದ್ದು ಒಂದನೇ ತಾರೀಕಿಗೆ ಗೊತ್ತಾಯಿತು. ಬಿ.ಎ. ಸುಳ್ಳನ್ನು ಪ್ರಲ್ಹಾದನೇ ಒಂದು ಸಂಜೆ ತಲೆ ತಗ್ಗಿಸಿ ಒಪ್ಪಿಕೊಂಡ. ವರದಾ ಇಂಗ್ಲಿಷ್ ತೆಗೆದುಕೊಂಡು ಮೊದಲ ದರ್ಜೆಯಲ್ಲಿ ಬಿ.ಎ. ಮುಗಿಸಿದವಳು. ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ "ಉಪ್ಪಿಟ್ಟು ಮಾಡ್ಲೇನು?" ಎಂದಳು. ಅಲ್ಲಿಗೆ ಆ ವಿಷಯ ಮುಗಿಯಿತು. ಆಮೇಲಿನ ಇಪ್ಪತ್ತೆರಡು ವರ್ಷಗಳಲ್ಲಿ ಅವರಿಬ್ಬರು ಜಗಳವಾಡದ ವಿಷಯವಿಲ್ಲ. ಆದರೆ ಎಂಥ ಸಿಟ್ಟಿನಲ್ಲೂ ಆ ಒಂದು ಮಾತು ಅವಳ ಬಾಯಿಂದ ಹೊರಬಿದ್ದಿರಲಿಲ್ಲ. ಬಿದ್ದಿದ್ದರೆ ಪ್ರಲ್ಹಾದನಿಗೆ ಎಷ್ಟೋ ಹಗುರವಾಗುತ್ತಿತ್ತು.

ಧನಕವಡಿಯಲ್ಲಿ ಈ ಎರಡು ಕೋಣೆಯ ಮನೆ ತೆಗೆದುಕೊಂಡಾಗ ವರದಾಳ ತಂದೆ ಧಾರವಾಡದಿಂದ ಒಂದು ಹಿತ್ತಾಳೆಯ ಬೋರ್ಡು ಮಾಡಿಸಿಕೊಂಡು ಬಂದರು. 'ಪ್ರಲ್ಹಾದ ನರಗುಂದ, ಬಿ.ಎ.' ಎಂದು ಕೆತ್ತಿಸಿದ್ದರು. ತಾವೇ ಸ್ಟೂಲು ಹತ್ತಿ ಮೊಳೆ ಹೊಡೆದು, ದೂರ ನಿಂತು ನೋಡಿ, "ಈಗ ಮನಿಗೆ ಕಳೆ ಬಂತು" ಎಂದರು. ಅಂದಿನಿಂದ ಕಟ್ಟಡದವರಿಗೆಲ್ಲ ಪ್ರಲ್ಹಾದ 'ಸರ' ಆದ. ವರದಾ ಪ್ರತಿ ಶುಕ್ರವಾರ ಹುಣಸೆಹಣ್ಣು ಹಚ್ಚಿ ಬೋರ್ಡು ತಿಕ್ಕುತ್ತಿದ್ದಳು. ಹೆಸರಿನವರೆಗೆ ತಿಕ್ಕಿ ಕೈ ನಿಲ್ಲಿಸಿಬಿಡುತ್ತಿದ್ದಳು. ಹೆಸರು ಬಂಗಾರದಂತೆ ಹೊಳೆಯುತ್ತಿತ್ತು, ಪಕ್ಕದ ಎರಡು ಅಕ್ಷರ ಕಿಲುಬು ಹಿಡಿದು ಹಸಿರುಗಟ್ಟಿದ್ದವು. ನೋಡಿದವರು ಕೆಲಸದವಳ ಅಲಕ್ಷ್ಯ ಎಂದುಕೊಳ್ಳುತ್ತಿದ್ದರು. ಪ್ರಲ್ಹಾದ ಏನೂ ಅಂದುಕೊಳ್ಳುತ್ತಿರಲಿಲ್ಲ, ಬೀಗ ತೆಗೆಯುವಾಗ ಆ ಕಡೆ ನೋಡುತ್ತಿರಲಿಲ್ಲ ಅಷ್ಟೇ.

ನಾಲ್ಕು ವರ್ಷದ ಹಿಂದೆ ಮಾವ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದಾಗ ನರ್ಸಿಗೆ ಗುರುತು ಹೇಳಿದರು: "ಇವರು ನಮ್ಮ ಅಳಿಯಂದ್ರವಾ. ಬಿ.ಎ." ಮಗಳ ಹೆಸರು ಮರೆತಿದ್ದ ಮುದುಕ ಅದೊಂದನ್ನು ಮರೆತಿರಲಿಲ್ಲ. ಹದಿಮೂರನೆಯ ದಿನ ಮುಗಿಸಿ ಪುಣೆಗೆ ಬಂದವನೇ ಪ್ರಲ್ಹಾದ ಹೊರಗಿನಿಂದ ಪರೀಕ್ಷೆ ಕಟ್ಟುವವರ ಬಿ.ಎ.ಗೆ ಹೆಸರು ಹಚ್ಚಿದ. ರವಿವಾರದ ಮೊದಲ ತರಗತಿಗೆ ಹೋದಾಗ ಹುಡುಗರು ಹುಡುಗಿಯರೆಲ್ಲ ಧಡಕ್ಕನೆ ಎದ್ದು ನಿಂತರು. ಅವನು ನಾಚಿ ಕಡೆಯ ಬೆಂಚಿಗೆ ಹೋಗಿ ಕೂತ ಮೇಲೆ ಒಬ್ಬೊಬ್ಬರೇ ಕೆಳಗೆ ಕೂತರು. ಆಮೇಲೆ 'ಕಾಕಾ' ಎಂದು ಕರೆದರು. ಹೀಗೆ ಕಾಕಾ ಒಂದೊಂದೇ ಪೇಪರು ದಾಟಿದ. ಇಂಗ್ಲಿಷ್ ಮಾತ್ರ ಹೋದ ವರ್ಷ ಮತ್ತೆ ಕೈಕೊಟ್ಟಿತು, ಜೊತೆಯ ಹುಡುಗರೆಲ್ಲ ಪಾಸಾಗಿ ಹೋದರು.

ಈ ಸಲ ವರದಾ ತಾನೇ ಟೊಂಕ ಕಟ್ಟಿ ನಿಂತಳು. ಅಡಿಗೆಮನೆಯೇ ಕಾಲೇಜಾಯಿತು. ಕುಕ್ಕರು ಮೂರನೆಯ ಸೀಟಿ ಹೊಡೆಯುವುದರೊಳಗೆ ಪ್ರಬಂಧ ಮುಗಿಯಬೇಕು, ಒಗ್ಗರಣೆ ಸಿಡಿಯುವುದರೊಳಗೆ ಪತ್ರ ಮುಗಿಯಬೇಕು. ಹಳೆಯ ಪಠ್ಯಕ್ರಮದವರಿಗೆ ಇದೇ ಕಡೆಯ ಪರೀಕ್ಷೆ, ತಪ್ಪಿದರೆ ಮತ್ತೆ ಮೊದಲ ವರ್ಷದಿಂದ ಎಂದು ವಿಶ್ವವಿದ್ಯಾಲಯ ಹೇಳಿತ್ತು.

"ಈ ಸಲ ನೀವು ಪಾಸಾಗೂದು ಪಕ್ಕಾ ಅದ. ನಿಕಾಲು ಯುನಿವರ್ಸಿಟಿಯವರಿಗೆ, ನನಗಲ್ಲ," ಎಂದಿದ್ದಳು ಅವಳು ಹಿಂದಿನ ಸಂಜೆ. "ಒಮ್ಮೆ ಕೂತು ಬರದು ಬರ್ರಿ, ಸಾಕು."

ಪರೀಕ್ಷೆ ಇದ್ದದ್ದು ಯೆರವಡಾದ ಒಂದು ಕಾಲೇಜಿನಲ್ಲಿ, ಹನ್ನೊಂದಕ್ಕೆ. ಯಾರ ಕಣ್ಣಿಗೂ ಬೀಳದಿರಲೆಂದು ಎಂಟಕ್ಕೇ ಹೊರಟರೆ ಹೀಗಾಯಿತು.

ನೀರು ಕುಡಿದು ಪ್ರಲ್ಹಾದ ಎರಡನೆಯ ಸಲ ಹೊರಬಿದ್ದ. ತನ್ನಿಂದಾದ ತಪ್ಪಿಗೆ ಬಾಳಣ್ಣ ಪ್ರಾಯಶ್ಚಿತ್ತಕ್ಕೆ ನಿಂತಿದ್ದ. ಮೆಟ್ಟಿಲ ಸಂದಿಯಲ್ಲಿ ಕೆಳಕ್ಕೆ ಬಗ್ಗಿ, ಬಸ್ಸಿನ ತುದಿಯಿಂದ ತುದಿಗೆ ಮುಟ್ಟಿಸುತ್ತಿದ್ದ ದನಿಯಲ್ಲಿ ಕೂಗಿದ: "ಏ, ಯಾರೂ ಸರಗ ಎಲ್ಲಿಗೆ ಅಂತ ಕೇಳಬ್ಯಾಡ್ರೆಪಾ!"

ಮೂರು ಬಾಗಿಲು ತೆರೆದವು. ಕೆಳಗಿನ ಮನೆಯ ದೇವೀರಮ್ಮ ಕೈಯಲ್ಲಿ ಕಸಬರಿಗೆ ಹಿಡಿದೇ ಹೊರಗೆ ಬಂದಳು.

"ಯಾಕ? ಎಲ್ಲಿಗಿ ಹೊಂಟಾರ?"

ವರದಾ ಗಂಡನನ್ನು ಮತ್ತೆ ಒಳಗೆಳೆದಳು. ಮತ್ತೆ ಚಪ್ಪಲಿ ಬಿಟ್ಟದ್ದಾಯಿತು, ಮತ್ತೆ ಕೂತದ್ದಾಯಿತು, ಮತ್ತೆ ನೀರು. ಇದೇ ರೀತಿ ನಡೆದರೆ ಪರೀಕ್ಷೆಯ ನಡುವೆ ಎಷ್ಟು ಸಲ ಏಳಬೇಕಾದೀತೋ ಎಂದು ಪ್ರಲ್ಹಾದ ಚಿಂತಿಸಿದ.

ಮೂರನೆಯ ಸಲ ಹೊರಡುವ ಹೊತ್ತಿಗೆ ಮೆಟ್ಟಿಲ ಇಕ್ಕೆಲದಲ್ಲೂ ಜನ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದರು. ಯಾರೂ ಏನೂ ಕೇಳಲಿಲ್ಲ. ಪ್ರಲ್ಹಾದ ಒಂದು, ಎರಡು, ಮೂರು ಮೆಟ್ಟಿಲು ಇಳಿದ. ಆಗ ಬಾಳಣ್ಣ ಸೀನಿದ. ಒಂದೇ ಒಂದು.

"ಒಂಟಿ ಸೀನು!" ಎಂದಳು ದೇವೀರಮ್ಮ. "ಇನ್ನೊಂದು ಸೀನ್ರಿ, ಲಗೂ!"

"ಬರವಲ್ದು ಅಕ್ಕಾ."

ದೇವೀರಮ್ಮ ಸೊಂಟದಿಂದ ನಶ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಅವನ ಮೂಗಿಗೆ ಏರಿಸಿದಳು. ಬಾಳಣ್ಣ ಮುಖ ಕಿವುಚಿ ಎರಡು ಸೀನಿದ. ಮೊದಲಿನದು ಸೇರಿ ಮೂರಾಯಿತು, ಮತ್ತೆ ಬೆಸ. ನಾಲ್ಕನೆಯದು ಬರುವವರೆಗೆ ಪ್ರಲ್ಹಾದ ಒಂಟಿಗಾಲಲ್ಲಿ ಮೆಟ್ಟಿಲ ಮೇಲೆ ನಿಂತಿದ್ದ. ಅದು ಬಂದಾಗ ಎಂಥಾದ್ದು ಬಂತೆಂದರೆ, ಬಾಳಣ್ಣನ ಕೈ ಬೀಸಿ ಪ್ರಲ್ಹಾದನ ಚೀಲ ಜಾರಿ ಬಿತ್ತು. ಚೀಲದಿಂದ ರಟ್ಟಿನ ಪ್ಯಾಡು, ಎರಡು ಪೆನ್ನು, ನೀರಿನ ಬಾಟಲಿ ಉರುಳಿ ಬಂದವು.

ಬಾಳಣ್ಣ ಪ್ಯಾಡು ಎತ್ತಿಕೊಂಡ. "ಅರೆ, ಇದು ಪರೀಕ್ಷಾ ಬರೆಯೋ ಪ್ಯಾಡ್ ಅಲ್ಲೇನ್ರಿ? ಯಾರದು ಪರೀಕ್ಷಾ ಸರ?"

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದಿರಲಿಲ್ಲ. ಮಾತು ತುಟಿಯವರೆಗೆ ಬಂದೂ ಇತ್ತು. ಪ್ರಲ್ಹಾದ ತಲೆಯೆತ್ತಿದ. ಎದುರಿಗೆ ಮಾವ ಹೊಡೆದ ಮೊಳೆ, ಮೊಳೆಗೆ ಬೋರ್ಡು, ಬೋರ್ಡಿನ ಮೇಲೆ ಆ ಎರಡಕ್ಷರ. ಅದರ ಕೆಳಗೆ ನಿಂತು 'ನಂದೇ ಪರೀಕ್ಷಾ' ಎನ್ನುವುದು ಹೇಗೆ?

"ಕಾಲೇಜಿನಾಗ ಸೂಪರ್‌ವಿಜನ್ ಡ್ಯೂಟಿ ಅದ್ರಿ," ಎಂದುಬಿಟ್ಟ. "ಯೆರವಡಾದಾಗ. ಮಂದಿ ಕಡಿಮಿ ಬಿದ್ದಾಗ ಹೊರಗಿನ ಪದವೀಧರರನ್ನ ಕರೀತಾರ."

ಬಾಗಿಲಲ್ಲಿ ನಿಂತಿದ್ದ ವರದಾ ಕಣ್ಣು ಮುಚ್ಚಿಕೊಂಡಳು.

"ವಾ ಸರ, ವಾ!" ಬಾಳಣ್ಣನ ಎದೆ ಉಬ್ಬಿತು. "ನೋಡಿದಿ ದೇವೀರಮ್ಮ? ಸುಮ್ಮನ ಬೋರ್ಡಿನ ಮ್ಯಾಲೆ ಬಿ.ಎ. ಹಾಕ್ಸಿಲ್ಲ ಅವರು. ಸರ, ನನ್ನಿಂದ ನಿಮಗ ತಡ ಆತು. ನಾನೇ ಬಿಟ್ಟು ಬರ್ತೀನಿ, ಸ್ಕೂಟರ್ ತಗೀತೀನಿ. ಆ ಕಾಲೇಜಿನಾಗ ನಮ್ಮಾಂವ ಒಬ್ಬ ಇದ್ದಾನ."

ಪುಣೆಯಲ್ಲಿ 'ನಮ್ಮಾಂವ' ಇಲ್ಲದ ಕಚೇರಿ ಬಾಳಣ್ಣನಿಗೆ ಇರಲಿಲ್ಲ. ಬ್ಯಾಡ್ರಿ, ಬಸ್ಸಿಗೆ ಹೋಗ್ತೀನ್ರಿ ಎಂದು ಪ್ರಲ್ಹಾದ ಎಷ್ಟು ಬೇಡಿಕೊಂಡರೂ ಅವನು ಬಿಡಲಿಲ್ಲ. ಬಸ್ಸಿನ ಸುದ್ದಿ ತನಗೆ ಗೊತ್ತಿಲ್ಲವೇ ಎಂದ.

ಸ್ಕೂಟರು ಬಾಳಣ್ಣನಷ್ಟೇ ವಯಸ್ಸಿನದು, ಅವನಷ್ಟೇ ಸ್ನೇಹಜೀವಿ. ಅದೂ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿತ್ತು. ಹಿಂದೆ ಕೂತ ಪ್ರಲ್ಹಾದ ಕಣ್ಣು ಮುಚ್ಚಿ 'ರೈಲು ನಿಲ್ದಾಣದಲ್ಲಿ ಒಂದು ತಾಸು' ಎಂಬ ಇಂಗ್ಲಿಷ್ ಪ್ರಬಂಧವನ್ನು ಬಾಯಿಪಾಠ ಒಪ್ಪಿಸಿಕೊಳ್ಳುತ್ತಿದ್ದ. ಪ್ರಬಂಧ ಹಮಾಲನವರೆಗೆ ಬಂದಾಗ ಸಿಗ್ನಲ್ಲಿನಲ್ಲಿ ಒಬ್ಬ ನಮ್ಮಾಂವ ಸಿಕ್ಕ. ಚಹಾ ಮಾರುವವನವರೆಗೆ ಬಂದಾಗ ಸ್ವಾರಗೇಟಿನಲ್ಲಿ ಇನ್ನೊಬ್ಬ ಸಿಕ್ಕ. ಅಲ್ಲಿ ಬಾಳಣ್ಣ ಎಲೆಅಡಿಕೆ ಹಾಕಿಕೊಳ್ಳಲು ಇಳಿದೇಬಿಟ್ಟ.

"ಬಾಳಣ್ಣಾರ, ತಡ ಆಗ್ತದ್ರಿ."

"ಯಾಕ ಅವಸರಾ ಮಾಡ್ತೀರಿ ಸರ? ಸೂಪರ್‌ವೈಸರ್ ಮುಟ್ಟೋತನಕ ಪರೀಕ್ಷಾ ಶುರು ಆಗೂದಿಲ್ರಿ."

ಮಾತು ಖರೆಯಾಗಿತ್ತು. ಬಾಳಣ್ಣ ಅಲ್ಲಿಂದಲೇ ಯೆರವಡಾಕ್ಕೆ ಫೋನು ಹಚ್ಚಿ, "ಅಂಬಣ್ಣಾ, ನಮ್ಮ ಸರನ್ನ ಕರಕೊಂಡು ಬರ್ಲಿಕ್ಕತ್ತೀನಿ, ಸೂಪರ್‌ವಿಜನ್ನಿಗೆ. ಛಲೋ ನೋಡಕೋ" ಎಂದ.

ಕಾಲೇಜಿನ ಗೇಟು ಮುಟ್ಟಿದಾಗ ಹನ್ನೊಂದಕ್ಕೆ ಸ್ವಲ್ಪವೇ ಉಳಿದಿತ್ತು. "ಇಲ್ಲೇ ಬಿಡ್ರಿ, ನೀವು ಹೋಗ್ರಿ," ಎಂದು ಪ್ರಲ್ಹಾದ ಇಳಿದ. ಬಾಳಣ್ಣ ಕೇಳುವವನೇ? ಅಪಶಕುನ ತನ್ನದು, ಒಳಗೆ ಮುಟ್ಟಿಸುವುದೂ ತನ್ನದೇ ಜವಾಬ್ದಾರಿ ಎಂದು ಮೊಣಕೈ ಹಿಡಿದುಕೊಂಡ. ಅಷ್ಟರಲ್ಲಿ ಖಾಕಿ ತೊಟ್ಟ ಹಿರಿಯ ಜವಾನ ಅಂಬಣ್ಣ ಓಡಿ ಬಂದು ಇನ್ನೊಂದು ಮೊಣಕೈ ಹಿಡಿದ.

"ಬರ್ರಿ ಸರ, ಬರ್ರಿ! ನಿಮ್ಮ ದಾರಿನೇ ನೋಡ್ಲಿಕ್ಕತ್ತಿದ್ವಿ. ಮೂರು ಮಂದಿ ಪ್ರೊಫೆಸರ್ರು ಒಂದೇ ಮದುವಿಗೆ ಹೋಗಿ ಕೂತಾರ. ಮೇಡಮ್ಮಾರು ಅಳೋದೊಂದು ಬಾಕಿ ಅದ."

ಪರೀಕ್ಷಾ ವಿಭಾಗದ ಮೇಡಂ ನಿಜಕ್ಕೂ ಅಳುವಂತಿದ್ದರು. ಕನ್ನಡಕ, ಅರ್ಧ ನರೆತ ತಲೆ, ಇಸ್ತ್ರಿ ಮಾಡಿದ ಅಂಗಿ ನೋಡಿದ್ದೇ ಅವರ ಮುಖಕ್ಕೆ ಜೀವ ಬಂತು. ಎಲ್ಲಿ ಕಲಿತದ್ದು ಎಂದು ಮರಾಠಿಯಲ್ಲಿ ಕೇಳಿದರು. ಪ್ರಲ್ಹಾದ "ಧಾರವಾಡ..." ಎನ್ನುವುದರೊಳಗೆ ಪ್ರಶ್ನೆಪತ್ರಿಕೆಯ ಕಟ್ಟನ್ನು ಅವನ ಕೈಗಿಟ್ಟು, "ಒಂಬತ್ತನೆಯ ಕೋಣೆ, ಸರ್, ಬೇಗ" ಎಂದರು. ಬಾಳಣ್ಣ ಪಕ್ಕದಲ್ಲೇ ನಿಂತು, ತನ್ನ ಮಗನ ಮದುವೆ ನೋಡುವವನಂತೆ ನೋಡುತ್ತಿದ್ದ.

ಇವನೊಬ್ಬ ಹೋದರೆ ಸಾಕು, ಮೇಡಂಗೆ ನಿಜ ಹೇಳಿ ನನ್ನ ಜಾಗಕ್ಕೆ ಕೂತುಬಿಡುತ್ತೇನೆ ಎಂದು ಪ್ರಲ್ಹಾದ ಗಟ್ಟಿ ಮಾಡಿಕೊಂಡ. ಅರ್ಧ ತಾಸು ತಡವಾಗಿ ಬಂದವರನ್ನೂ ಒಳಗೆ ಬಿಡುತ್ತಾರೆ, ಹೊತ್ತು ಮೀರಿಲ್ಲ.

ಒಂಬತ್ತನೆಯ ಕೋಣೆಗೆ ಕಾಲಿಟ್ಟದ್ದೇ ಹುಡುಗರು ಹುಡುಗಿಯರೆಲ್ಲ ಧಡಕ್ಕನೆ ಎದ್ದು ನಿಂತರು. ಈ ಸಲ ಅವನು ಕಡೆಯ ಬೆಂಚಿಗೆ ಹೋಗುವಂತಿರಲಿಲ್ಲ. "ಕೂಡ್ರಿ" ಎಂದು ಕನ್ನಡದಲ್ಲೇ ಅಂದ. ಅವರು ಕೂತರು. ಆಗ ಕಿಟಕಿಯ ಪಕ್ಕದ ಕಡೆಯ ಬೆಂಚು ಕಣ್ಣಿಗೆ ಬಿತ್ತು. ಅದೊಂದು ಖಾಲಿ ಇತ್ತು. ಅದರ ಮೇಲೆ ಸುಣ್ಣದಕಡ್ಡಿಯಲ್ಲಿ ಬರೆದಿದ್ದ ಸಂಖ್ಯೆ ಅವನ ಜೇಬಿನಲ್ಲಿದ್ದ ಹಾಲ್‌ಟಿಕೇಟಿನದೇ.

ಪ್ರಲ್ಹಾದ ಪತ್ರಿಕೆ ಹಂಚಿದ. ಉಳಿದ ಒಂದನ್ನು ಹಿಡಿದು ಕಿಟಕಿಯ ಬಳಿ ನಿಂತು ಓದಿದ. ಪತ್ರ, ಅವನಿಗೆ ಬರುತ್ತಿತ್ತು. ಸಾರಾಂಶ, ಬರುತ್ತಿತ್ತು. ಪ್ರಬಂಧದ ಜಾಗದಲ್ಲಿ 'ರೈಲು ನಿಲ್ದಾಣದಲ್ಲಿ ಒಂದು ತಾಸು' ಎಂದಿತ್ತು. ವರದಾಳ ದನಿ, ಕುಕ್ಕರಿನ ಸೀಟಿ, ಒಗ್ಗರಣೆಯ ವಾಸನೆ ಎಲ್ಲ ಒಟ್ಟಿಗೆ ಬಂದವು. ಹತ್ತಿರ ಹತ್ತಿರ ಮೂವತ್ತು ವರ್ಷ ಅವನನ್ನು ಅಟ್ಟಾಡಿಸಿದ ಪೇಪರು ಇಂದು ಸಾಕಿದ ಬೆಕ್ಕಿನಂತೆ ಕೈಯಲ್ಲಿ ಮಲಗಿತ್ತು.

ಕಿಟಕಿಯಾಚೆ ಬಾಳಣ್ಣ ಹೆಬ್ಬೆರಳೆತ್ತಿ ತೋರಿಸಿದ. ವರಾಂಡದಲ್ಲಿ ಕುರ್ಚಿ ಹಾಕಿಸಿಕೊಂಡು, ಅಂಬಣ್ಣನ ಜೊತೆ ಚಹಾ ಕುಡಿಯುತ್ತ ಕೂತಿದ್ದ.

"ಬಾಳಣ್ಣಾರ, ನೀವಿನ್ನ ಹೋಗ್ರಿ," ಎಂದು ಪ್ರಲ್ಹಾದ ಬಾಗಿಲಿಗೆ ಬಂದು ಹೇಳಿದ.

"ಛೆ ಛೆ, ನಿಮ್ಮನ್ನ ಇಲ್ಲೇ ಬಿಟ್ಟು ಹೆಂಗ ಹೋಗ್ಲಿ? ಮುಗಿಸಿಕೊಂಡು ಬರ್ರಿ, ಕೂಡೇ ಹೋಗೂಣು. ನಂದೇನ್ ಕೆಲಸ ಅದ ಮನ್ಯಾಗ?"

ಗಡಿಯಾರದ ಮುಳ್ಳು ಮುಂದೆ ಹೋಗುತ್ತಿತ್ತು. ತಡವಾಗಿ ಬಂದ ಹುಡುಗಿಯೊಬ್ಬಳು ಅಳುಮೋರೆ ಹಾಕಿಕೊಂಡು ಬಾಗಿಲಲ್ಲಿ ನಿಂತಳು. ಬಸ್ಸು ಸಿಗಲಿಲ್ಲವಂತೆ. ಪ್ರಲ್ಹಾದ ತನ್ನ ನೀರಿನ ಬಾಟಲಿ ಕೊಟ್ಟು, ಕೈಹಿಡಿದು ಕರೆದೊಯ್ದು ಕೂಡಿಸಿದ. "ಅಂಜಬ್ಯಾಡವಾ, ಇನ್ನೂ ವ್ಯಾಳ್ಯಾ ಅದ," ಎಂದ. ಅವಳಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ತಲೆಯಾಡಿಸಿದಳು. ಆ ಮಾತು ತನಗೇ ಹೇಳಿಕೊಂಡದ್ದೆಂದು ಅವನಿಗೆ ಆಮೇಲೆ ಹೊಳೆಯಿತು. ಹೊರಗೆ ನೋಡಿದ. ಬಾಳಣ್ಣ ಎಲೆಅಡಿಕೆ ಉಗುಳಲು ವರಾಂಡದ ಆ ತುದಿಗೆ ಹೋಗಿದ್ದ.

ಪ್ರಲ್ಹಾದ ಬಾಗಿಲಿಗೆ ಓಡಿದ. "ಅಂಬಣ್ಣ, ಲಗೂ ಮೇಡಮ್ಮರನ್ನ ಕರೀರಿ. ನಾ ಸೂಪರ್‌ವೈಸರ್ ಅಲ್ರಿ. ನಾ ವಿದ್ಯಾರ್ಥಿ ಇದ್ದೀನಿ."

ಅಂಬಣ್ಣ ಎರಡೂ ಕೈ ಜೋಡಿಸಿದ. "ಇದಕ್ಕ ಅನ್ನೂದ್ರಿ ದೊಡ್ಡತನ! ಸರ, ಸಾಯೋತನಕ ನಾವೆಲ್ಲಾ ವಿದ್ಯಾರ್ಥಿಗಳೇ ಬಿಡ್ರಿ. ನಮ್ಮ ಪ್ರೊಫೆಸರ್ರು ಒಬ್ರರ ಹಿಂಗ ಅಂತಾರೇನು?"

"ಹಂಗಲ್ರೀ, ಖರೇನ..." ಪ್ರಲ್ಹಾದ ಜೇಬಿಗೆ ಕೈ ಹಾಕಿ ಹಾಲ್‌ಟಿಕೇಟು ಅರ್ಧ ಹೊರಗೆಳೆದ.

"ಏನಾತ್ರಿ ಸರ? ಯಾವನರ ಕಾಪಿ ಹೊಡದ್ನೇನು?" ಬಾಳಣ್ಣ ತುಟಿ ಒರೆಸಿಕೊಳ್ಳುತ್ತ ಎದುರಿಗೆ ನಿಂತಿದ್ದ. ಆ ಮುಖದಲ್ಲಿ ಎಳ್ಳಷ್ಟೂ ಕುಹಕವಿರಲಿಲ್ಲ. ಬರೀ ಹೆಮ್ಮೆ ಇತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ಮಾವನ ಮುಖದಲ್ಲಿದ್ದಂಥದೇ ಹೆಮ್ಮೆ.

ಬೈಯುವವರ ಎದುರು ನಿಜ ಹೇಳಬಹುದು. ಹೀಗೆ ನೋಡುವವರ ಎದುರು ಹೇಳುವುದು ಪ್ರಲ್ಹಾದನಿಂದ ಯಾವ ಕಾಲಕ್ಕೂ ಆಗಿರಲಿಲ್ಲ. ಹಾಲ್‌ಟಿಕೇಟು ಜೇಬಿಗೆ ಮರಳಿತು.

"ಏನಿಲ್ರಿ," ಎಂದ.

ಅರ್ಧ ತಾಸು ಮುಗಿದ ಗಂಟೆ ಬಾರಿಸಿತು. ಗೇಟು ಮುಚ್ಚಿದ ಸದ್ದು ಒಂಬತ್ತನೆಯ ಕೋಣೆಯವರೆಗೂ ಕೇಳಿಸಿತು.

ಸ್ವಲ್ಪ ಹೊತ್ತಿಗೆ ಮೇಡಂ ಹಾಜರಿ ಹಾಳೆ ಮತ್ತು ಕೆಂಪು ಪೆನ್ನು ತಂದರು. ಬಾರದವರ ಹೆಸರಿಗೆ ಕೆಂಪು ಗೆರೆ ಎಳೆದು, ಕೆಳಗೆ ಸಹಿ ಮಾಡಬೇಕು. ಕೋಣೆಯಲ್ಲಿ ಒಬ್ಬನೇ ಗೈರುಹಾಜರು. ಪ್ರಲ್ಹಾದ ಕೆಂಪು ಪೆನ್ನು ಹಿಡಿದು, ನರಗುಂದ ಪ್ರಲ್ಹಾದ ಎಂಬ ಹೆಸರಿನ ಮೇಲೆ ನೆಟ್ಟಗೆ ಒಂದು ಗೆರೆ ಎಳೆದ. ಕೆಳಗೆ 'ಪ್ರ. ನರಗುಂದ' ಎಂದು ಸಹಿ ಮಾಡಿದ.

ಮೇಡಂ ಹಾಳೆ ನೋಡಿ ಹುಬ್ಬೇರಿಸಿದರು. ಒಂದೇ ಅಡ್ಡಹೆಸರು, ಸಂಬಂಧಿಕರೇ ಎಂದು ಮರಾಠಿಯಲ್ಲಿ ಕೇಳಿದರು.

ಹೌದು, ಭಾಳ ಹತ್ತಿರದವನು ಎಂದ ಪ್ರಲ್ಹಾದ.

ಮತ್ತೆ ಬರಲಿಲ್ಲ ಯಾಕೆ?

"ಬಂದಿದ್ದ, ಮೇಡಂ," ಎಂದ ಅವನು ಅದೇ ಭಾಷೆಯಲ್ಲಿ. "ಅಂಜುಬುರುಕ. ಬಾಗಿಲತನಕ ಬಂದು ನಿಂತುಬಿಟ್ಟ."

ಇಂಥವರಿಗೆ ಮನೆಯವರು ತಿಳಿಹೇಳಬೇಕು ಎಂದು ಮೇಡಂ ಮುಂದಿನ ಕೋಣೆಗೆ ಹೋದರು.

ಉಳಿದ ಹೊತ್ತೆಲ್ಲ ಪ್ರಲ್ಹಾದ ಕೋಣೆಯ ಒಳಗೆ ಅತ್ತಿಂದಿತ್ತ ಅಡ್ಡಾಡಿದ. ಹುಡುಗರು ಬರೆಯುತ್ತಿದ್ದರು. ಖಾಲಿ ಬೆಂಚಿನ ಹತ್ತಿರ ಬಂದಾಗಲೆಲ್ಲ ಕಾಲು ತಾನಾಗಿ ನಿಧಾನವಾಗುತ್ತಿತ್ತು. ಕಡೆಗೊಮ್ಮೆ, ಯಾರೂ ನೋಡದಾಗ, ಆ ಸುಣ್ಣದ ಅಂಕಿಗಳನ್ನು ಅಂಗೈಯಿಂದ ಒರೆಸಿದ. ಅಳು ಬಂತು. ಸೂಪರ್‌ವೈಸರು ಅಳುವುದು ಚಂದವಲ್ಲವೆಂದು ಕನ್ನಡಕ ಒರೆಸುವ ನೆವ ಮಾಡಿದ. ತಡವಾಗಿ ಬಂದ ಹುಡುಗಿ ಪುರವಣಿ ಹಾಳೆ ಕೇಳಿದಳು. ಕೊಟ್ಟ.

ಮರಳಿ ಬರುವ ದಾರಿಯುದ್ದಕ್ಕೂ ಬಾಳಣ್ಣನ ಬಾಯಿ ನಿಲ್ಲಲಿಲ್ಲ. ನಾಡಿದ್ದಿನ ಪೇಪರಿಗೂ ಸ್ವತಃ ಅಂಬಣ್ಣನೇ ಸರನ್ನು ಕೇಳಿದ್ದಾನಂತೆ, ಹ್ಞೂಂ ಎಂದು ಬಾಳಣ್ಣನೇ ಮಾತು ಕೊಟ್ಟುಬಿಟ್ಟಿದ್ದಾನಂತೆ. ಹಿಂದೆ ಕೂತವನು ಹ್ಞೂಂಗುಟ್ಟಿದ. ಅವನ ತಲೆಯಲ್ಲಿ ಒಂದೇ ಚಿಂತೆ. ವರದಾಳಿಗೆ ಏನು ಹೇಳುವುದು? ನಿಜವನ್ನೇ ಹೇಳಬೇಕು, ಮದುವೆಯಾದ ಹೊಸದರಲ್ಲಿ ಹೇಳಿದಂತೆ ತಲೆ ತಗ್ಗಿಸಿ ಹೇಳಿಬಿಡಬೇಕು. ಮೂರು ದಿನ ಮಾತು ಬಿಟ್ಟರೆ ಬಿಡಲಿ, ನಾಲ್ಕನೆಯ ದಿನ ಉಪ್ಪಿಟ್ಟು ಮಾಡುತ್ತಾಳೆ.

ಮೆಟ್ಟಿಲು ಹತ್ತಿ ಮನೆಯ ಮುಂದೆ ಬಂದು ತಲೆಯೆತ್ತಿದ. ಎತ್ತಿದ್ದು ಅಲ್ಲೇ ನಿಂತಿತು.

ಬೋರ್ಡು ಪೂರ್ತಿ ಹೊಳೆಯುತ್ತಿತ್ತು. ಪ್ರಲ್ಹಾದ ನರಗುಂದ, ಬಿ.ಎ. ಅಷ್ಟು ವರ್ಷದ ಕಿಲುಬು ಒಂದಿಷ್ಟೂ ಉಳಿದಿರಲಿಲ್ಲ. ಎರಡು ಅಕ್ಷರವೂ ಹೊಸ ತಾಳಿಯ ಗುಂಡಿನಂತೆ ಥಳಥಳ ಅನ್ನುತ್ತಿದ್ದವು.

ಬಾಗಿಲು ತೆರೆಯಿತು. ವರದಾಳ ಕೈಗೆ ಇನ್ನೂ ಹುಣಸೆಹಣ್ಣಿನ ವಾಸನೆ ಇತ್ತು. ಹೊಸ ಸೀರೆ ಉಟ್ಟಿದ್ದಳು. ಒಳಗಿನಿಂದ ತುಪ್ಪದಲ್ಲಿ ಹುರಿದ ರವೆಯ ಘಮ ಬರುತ್ತಿತ್ತು. ಏನೂ ಕೇಳಲಿಲ್ಲ, ಮುಖ ತುಂಬ ಕೇಳಿದಳು. ಪ್ರಲ್ಹಾದ ಬಾಯಿ ತೆರೆಯುವುದರೊಳಗೆ ಹಿಂದಿನಿಂದ ಏದುಸಿರು ಬಿಡುತ್ತ ಬಾಳಣ್ಣ ಬಂದ.

"ವೈನೀ, ನೀವು ನೋಡಬೇಕಿತ್ತು! ಸರ ಕೋಣ್ಯಾಗ ಕಾಲಿಟ್ಟ ಕೂಡಲೇ ಎಲ್ಲಾ ಹುಡುಗ್ರೂ ಎದ್ದು ನಿಂತವು. ಮುಗಿಯೋತನಕ ಒಂದು ಗಳಿಗಿ ಕೂತಿಲ್ರಿ ಸರ, ಕಾವಲಿ ಕಾಯ್ದಂಗ ಕಾಯ್ದ್ರು. ನಾ ಕಿಡಕ್ಯಾಗ ನೋಡಕೋತ ಕೂತಿದ್ದೆ."

ವರದಾಳ ನಗು ಮುಖದ ಮೇಲೆಯೇ ಉಳಿಯಿತು, ಕಣ್ಣಿನಿಂದ ಮಾತ್ರ ಇಳಿದುಹೋಯಿತು. ಅವಳು ಗಂಡನ ಜೇಬಿನಿಂದ ಇಣುಕುತ್ತಿದ್ದ ಹಾಲ್‌ಟಿಕೇಟು ನೋಡಿದಳು, ಅವನ ಅಂಗೈಯ ಸುಣ್ಣದ ಪುಡಿ ನೋಡಿದಳು, ಮುಖ ನೋಡಿದಳು. ಇಪ್ಪತ್ತೆರಡು ವರ್ಷ ಕಾದಿಟ್ಟ ಗುಟ್ಟನ್ನು ಇಂದು ಕೆಳಗಿಳಿಸಬಹುದೆಂದು ಅವಳು ತಿಳಿದಿದ್ದಳು. ಸೆರಗು ಸರಿ ಮಾಡಿಕೊಂಡಳು.

"ಹೌದ್ರಿ ಅಣ್ಣಾರ," ಎಂದಳು. "ಅವರು ಡ್ಯೂಟಿ ಅಂದ್ರ ಹಂಗೇ. ಒಳಗ ಬರ್ರಿ, ಶಿರಾ ಮಾಡೀನಿ, ತಿಂದು ಹೋಗೀರಂತ."

ಬಾಳಣ್ಣ ಎರಡು ಸಲ ಹಾಕಿಸಿಕೊಂಡು ತಿಂದ. ಹೋಗುವಾಗ ಬಾಗಿಲಲ್ಲಿ ನಿಂತು, "ಬೋರ್ಡು ಏನ್ ಹೊಳೀಲಿಕ್ಕತ್ತದ್ರೀ ವೈನಿ, ಬಿ.ಎ. ಅಂದ್ರ ಹಿಂಗಿರಬೇಕು," ಎಂದು ಮೆಚ್ಚಿ ಇಳಿದುಹೋದ.

ಪ್ರಲ್ಹಾದ ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತಿದ್ದ. ತಟ್ಟೆಯಲ್ಲಿ ಶಿರಾ ಮುಟ್ಟದೆ ಆರುತ್ತಿತ್ತು. ವರದಾ ಎದುರಿಗೆ ಬಂದು ಕೂತಳು.

"ಪೇಪರ್ ಓದಿದ್ರೇನು?"

"ಓದಿದೆ."

"ಬರ್ತಿತ್ತೇನು?"

"ಎಲ್ಲಾ ಬರ್ತಿತ್ತು. ರೈಲು ನಿಲ್ದಾಣನೂ ಬಂದಿತ್ತು."

ಅವಳು ಸೆರಗಿನ ತುದಿಯಿಂದ ಒಂದು ಕಣ್ಣು ಒರೆಸಿಕೊಂಡಳು, ಆಮೇಲೆ ಇನ್ನೊಂದು. ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಪ್ರಲ್ಹಾದನಿಗೆ ಅನ್ನಿಸಿತು.

"ವರದಾ, ಆ ಬೋರ್ಡು ತಗದು ಇಡ್ಲೇನು?"

"ಇರ್ಲಿ ಬಿಡ್ರಿ," ಎಂದು ಅವಳು ತಟ್ಟೆಯನ್ನು ಅವನ ಹತ್ತಿರ ಸರಿಸಿದಳು. "ಹಿತ್ತಾಳಿ ಅದು. ಮಳಿ ಹತ್ತಿದ್ರ ತಾನ ಹಸರಾಗ್ತದ."